ಕಚ್ಚಿ ಹೋದ ರೊಟ್ಟಿ

"ಹತ್ತಿ ತಂದೀಯೋ ನೀರಿನ ಕೊಡ ತಂದೀಯೋ? ಹಿಂಡಿದ್ರ ಒಂದು ಬಕೀಟ ತುಂಬತೈತಿ, ಹಾದರಗಿತ್ತಿ!"

ಮೇಸ್ತ್ರಿ ಹಿಕ್ಮತ್ ತಕ್ಕಡಿಯ ಕೊಕ್ಕೆಯಿಂದ ಸನವ್ಬರಳ ಗಂಟನ್ನು ಕಿತ್ತು ನೆಲಕ್ಕೆ ಎಸೆದು ಒದ್ದ. ಗಂಟು ಬಿಚ್ಚಿಕೊಂಡಿತು. ಇಬ್ಬನಿಯಲ್ಲಿ ಒದ್ದೆಯಾಗಿದ್ದ ಹತ್ತಿ ಮಣ್ಣಿನ ಮೇಲೆ ಹರಡಿತು. ಹಿಂದೆ ಸಾಲಾಗಿ ನಿಂತ ಹೆಂಗಸರು ಬಗ್ಗಿ ತಮ್ಮ ತಮ್ಮ ಗಂಟು ಮುಟ್ಟಿ ನೋಡಿಕೊಂಡರು.

"ಇಬ್ಬನಿ ನಾ ಸುರದೀನೇನೋ ಯಪ್ಪಾ? ನಸಿಕಿನ್ಯಾಗ ಬಂದು ಬಿಡಸ್ರಿ ಅಂದಾವ ನೀನ," ಎಂದಳು ಸನವ್ಬರ್.

"ಎದುರು ಮಾತಾಡ್ತಿ? ಗಡಿ ನದಿ ದಾಟಿ ಅಫ್ಘಾನಿಸ್ತಾನಕ್ಕ ಓಡಿಹೋದಾಕಿ ಅಲ್ಲೇ ಸಾಯಬೇಕಿತ್ತು. ತಿರುಗಿ ಬಂದು ನಮ್ಮ ತಲಿ ತಿನ್ನಾಕ ಹತ್ತೀಯಿ. ಆರಿಸ್ಕೊ! ಒಂದು ಎಳಿ ಬಿದ್ದಿರಬಾರದು."

ಅವಳು ಕೂತು ಆರಿಸತೊಡಗಿದಳು. ಬೆರಳ ತುದಿಗಳೆಲ್ಲ ಒಡೆದಿದ್ದವು. ಮೊದಲ ಸಲ ಬಿಡಿಸುವಾಗ ಹತ್ತಿ ಬಾ ಎಂದರೆ ಕೈಗೆ ಬರುತ್ತದೆ. ಹಂಗಾಮು ಮುಗಿಯುತ್ತ ಬಂದಾಗ ಅರೆಬಿರಿದ ಕಾಯಿಯೊಳಗೆ ಉಗುರು ಹಾಕಿ ಕೆದಕಬೇಕು, ಒಣಗಿದ ಸಿಪ್ಪೆ ಸೂಜಿಯ ಹಾಗೆ ಇರಿಯುತ್ತದೆ. ಆರಿಸುತ್ತ ಆರಿಸುತ್ತ ಅವಳ ಕೈ ಒಂದು ಜೊತೆ ರಬ್ಬರ್ ಬೂಟುಗಳ ಹತ್ತಿರ ಹೋಯಿತು. ಬೂಟುಗಳು ಒಂದು ಹೆಜ್ಜೆ ಹಿಂದೆ ಸರಿದವು. ತಲೆಯೆತ್ತದೆಯೇ ಗೊತ್ತಾಯಿತು, ಮಾಹ್‌ಬೇಗಿಮ್. ಪಕ್ಕದ ಮನೆಯವಳು. ಇಬ್ಬರೂ ಅಕ್ಕಪಕ್ಕದ ಸಾಲಿನಲ್ಲೇ ಹತ್ತಿ ಬಿಡಿಸುತ್ತಿದ್ದರು. ಯುದ್ಧವಾದ ಮೇಲೆ ಅವರಿಬ್ಬರ ನಡುವೆ ಒಂದೇ ಒಂದು ಮಾತು ಹೊರಟಿರಲಿಲ್ಲ.

ಸನವ್ಬರ್ ಗರ್ಮಿ ಬೆಟ್ಟದವರ ಪೈಕಿ, ಮಾಹ್‌ಬೇಗಿಮ್ ಕೂಲಾಬಿ ಬೆಟ್ಟದವರ ಪೈಕಿ. ಹಿಂದಿನ ಸರ್ಕಾರ ಇಬ್ಬರ ಅಜ್ಜಂದಿರನ್ನೂ ಬೇರೆ ಬೇರೆ ಬೆಟ್ಟಗಳಿಂದ ಒಂದೇ ನಮೂನೆಯ ಲಾರಿಗಳಲ್ಲಿ ತುಂಬಿಕೊಂಡು ಬಂದು, ಹತ್ತಿ ಬೆಳೆಯಿರಿ ಎಂದು ವಖ್ಷ್ ನದಿಯ ಈ ಜವುಗಿನಲ್ಲಿ ಸುರಿದಿತ್ತು. ಎಷ್ಟೋ ಜನ ಮೊದಲ ಬೇಸಿಗೆಯ ಜ್ವರಕ್ಕೇ ಮಣ್ಣಾದರು. ಉಳಿದವರು ಹತ್ತಿ ಬೆಳೆದರು, ಒಬ್ಬರ ಮದುವೆಯಲ್ಲಿ ಇನ್ನೊಬ್ಬರು ಉಂಡರು, ಒಂದೇ ತಂದೂರಿನಲ್ಲಿ ರೊಟ್ಟಿ ಬಡಿದರು. ಆಮೇಲೆ ಒಂದು ವರ್ಷ ರಾಜಧಾನಿಯಲ್ಲಿ ದೊಡ್ಡವರು ಕುರ್ಚಿಗೆ ಕಚ್ಚಾಡಿದರು. ಚಳಿಗಾಲ ಬರುವ ಹೊತ್ತಿಗೆ ಇಲ್ಲಿ ಹತ್ತಿ ಬಿಡಿಸುವವರು ಒಬ್ಬರನ್ನೊಬ್ಬರು ತಡೆದು ನಿಲ್ಲಿಸಿ, ನೀ ಯಾವ ಬೆಟ್ಟದವ ಎಂದು ಕೇಳುತ್ತಿದ್ದರು. ಉತ್ತರ ತಪ್ಪಾದವನು ಮನೆಗೆ ಬರುತ್ತಿರಲಿಲ್ಲ.

ಈಗ ಶಾಂತಿ. ಕಳೆದ ವರ್ಷ ಆಯಿತಂತೆ. ರೇಡಿಯೋದಲ್ಲಿ ಹೇಳಿದ್ದರು.

ಮಧ್ಯಾಹ್ನ ರಯೀಸನ ಜೀಪು ಹೊಲಕ್ಕೇ ಬಂತು. ಈ ಹೊಲಗಳ ಒಡೆಯನಂತಿದ್ದ ಮುಖ್ಯಸ್ಥ ಖೈರಿದ್ದೀನನನ್ನು ಎಲ್ಲರೂ ರಯೀಸ್ ಎಂದೇ ಕರೆಯುತ್ತಿದ್ದರು. ಕೋವಿ ಹಿಡಿಯುವ ಮೊದಲು ಅವನು ಇದೇ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಹಸಿವಾದರೆ ಸನವ್ಬರಳ ತಂದೂರಿನ ಹತ್ತಿರ ಬಂದು ನಿಲ್ಲುತ್ತಿದ್ದ. ಈಗ ಹೊಟ್ಟೆ ಬಂದಿತ್ತು. ಹಲ್ಲಿಗೆ ಚಿನ್ನ ಕಟ್ಟಿಸಿದ್ದ.

"ಚಿಗವ್ವಾ, ಆರಾಮ ಅದಿಯಿಲ್ಲ?"

ಯುದ್ಧವಾದ ಮೇಲೆ ಅವನ ಬಾಯಿಂದ ಚಿಗವ್ವ ಎಂಬ ಮಾತು ಬಂದದ್ದು ಇದೇ ಮೊದಲು. ಸನವ್ಬರ್ ಉಡಿಯೊಳಗಿನ ಹತ್ತಿಯನ್ನು ಒತ್ತಿದಳು.

"ಶುಕ್ರವಾರ ಇಲ್ಲೇ ಹೊಲದಾಗ ಶಾಂತಿ ಊಟ ಇಟ್ಟೀವಿ. ಕಮಾಂಡರ್ ಯೋಕೂಬ್ ಬರಾಕ ಹತ್ತ್ಯಾನ, ನಿಮ್ಮ ಗರ್ಮಿ ಹುಲಿ. ಅವಗ ಜಿಲ್ಲಾದಾಗ ದೊಡ್ಡ ಹುದ್ದೆ ಕೊಟ್ಟಾರ. ಕೂಲಾಬಿ ಕಡೆಯಿಂದ ನಾನು. ಟೀವಿಯವರು ಬರ್ತಾರ. ಎರಡೂ ಕಡೆಯಿಂದ ಒಬ್ಬೊಬ್ಬ ತಾಯಿ ರೊಟ್ಟಿ ತಂದು ನಮ್ಮ ಮುಂದ ಇಡಬೇಕು. ನಾವು ಮುರದು ಒಬ್ಬರಿಗೊಬ್ಬರು ತಿನ್ನಸ್ತೀವಿ. ಗರ್ಮಿ ತಾಯಿ ನೀನು. ಕೂಲಾಬಿ ತಾಯಿ ಮಾಹ್‌ಬೇಗಿಮ್. ಇಬ್ಬರ ಮಗಂದಿರೂ ಇಲ್ಲ. ಟೀವ್ಯಾಗ ನೋಡವ್ರಿಗೆ ಕಣ್ಣಾಗ ನೀರ ಬರಬೇಕು."

"ನನ್ನ ಮಗ ಎಲ್ಲಿ ಅದಾನ, ಖೈರಿದ್ದೀನ್?"

ಅವನು ಸಿಗರೇಟಿಗೆ ಕಡ್ಡಿ ಗೀರಿದ. ಗಾಳಿಗೆ ಆರಿತು. ಇನ್ನೊಂದು ಗೀರಿದ.

"ನಿನ್ನ ಜೀಪಿನ್ಯಾಗ ಹತ್ತಿಸಿದಿ. ಕಾಲುವಿ ಕೆಲಸ ಐತಿ, ಸಂಜೀಕ ಬಿಡ್ತೀನಿ ಅಂದಿ. ನಾ ಬಾಗಲದಾಗ ನಿಂತಿದ್ನಿ. ಎಲ್ಲಿ ಮಲಗಿಸಿದಿ, ಅಷ್ಟ ಹೇಳು. ನಿನ್ನ ಕಾಲು ಹಿಡೀತೀನಿ. ರೊಟ್ಟಿ ಏನು, ಜೀವ ಇರೂತನಕ ನಿನಗ ತಂದೂರು ಹಚ್ಚತೀನಿ."

"ಹಳೇ ಗಾಯ ಕೆರದ್ರ ಕೀವು ಬರತೈತಿ ಚಿಗವ್ವಾ. ಮ್ಯಾಲಿನವರು ಕೂತು ಮಾತಾಡಿ ಮುಗಿಸ್ಯಾರ. ನಾವು ಅವರಿಗೆ ಕ್ಷಮಾ ಮಾಡೀವಿ, ಅವರು ನಮಗ ಕ್ಷಮಾ ಮಾಡ್ಯಾರ."

"ನನ್ನ ಯಾರೂ ಕೇಳಲಿಲ್ಲಲ್ಲೋ."

"ನಿನ್ನ ಕೇಳಬೇಕಿತ್ತ?" ಅವನ ದನಿಯಿಂದ ಚಿಗವ್ವ ಇಳಿದುಹೋದಳು. "ಕೇಳಿಲ್ಲೆ ಮುದುಕಿ. ಶುಕ್ರವಾರ ತಲಿಗೆ ಬಿಳೀ ವಸ್ತ್ರ ಕಟಿಗೊಂಡು, ಕೈಯಾಗ ರೊಟ್ಟಿ ಹಿಡಕೊಂಡು ಬರಬೇಕು. ಬಾಯಿ ಬಿಚ್ಚಬಾರದು. ಇಲ್ಲಂದ್ರ ಈ ಸಲ ನಿನ್ನ ಮನಿಗೆ ಒಂದು ಹತ್ತಿಕಟಿಗಿ ಬರೂದಿಲ್ಲ. ಚಳ್ಯಾಗ ಏನು ಉರಸ್ತೀಯೋ ಉರಸು. ನಿನ್ನ ಎಲುಬ ಉರಸು."

ಜೀಪು ಹೋಯಿತು. ಕೂಲಿ ಎಂದು ಇವರ ಕೈಗೆ ಬರುತ್ತಿದ್ದುದೇ ಆ ಕಟ್ಟಿಗೆ. ಹತ್ತಿ ರಯೀಸನ ಲಾರಿಗೆ, ಬರಿದಾದ ಗಿಡ ಬಿಡಿಸಿದವಳಿಗೆ. ಅದರಿಂದಲೇ ಒಲೆ, ಅದರಿಂದಲೇ ತಂದೂರು, ಅದರಿಂದಲೇ ಹಾಸಿಗೆ ಬೆಚ್ಚಗೆ. ಕಟ್ಟಿಗೆಯಿಲ್ಲದೆ ಚಳಿಗಾಲಕ್ಕೆ ಕಾಲಿಟ್ಟ ಒಂಟಿ ಮುದುಕಿಯರನ್ನು ವಸಂತದಲ್ಲಿ ಚಾಪೆ ಸುತ್ತಿ ಹೊರಗೆ ತಂದದ್ದನ್ನು ಊರು ನೋಡಿತ್ತು.

ಸಂಜೆ ಮನೆಗೆ ಬರುವಾಗ ಸನವ್ಬರ್ ದಿನವೂ ತಲೆ ತಗ್ಗಿಸಿ ದಾಟುವ ಒಂದು ಜಾಗವಿತ್ತು. ಮಾಹ್‌ಬೇಗಿಮಳ ದನದ ಕೊಟ್ಟಿಗೆ. ಅದಕ್ಕೊಂದು ನೀಲಿ ಬಾಗಿಲು. ಬಾಗಿಲ ತುಂಬ ದಾಳಿಂಬೆ ಹಣ್ಣು ಕೆತ್ತಿತ್ತು. ಮದುವೆಯಾದ ವರ್ಷ ಸನವ್ಬರಳ ಗಂಡ ತಾನೇ ಉಳಿ ಹಿಡಿದು ಕೆತ್ತಿದ್ದು. ಒಂದು ದಾಳಿಂಬೆ ಸೊಟ್ಟಗಾಗಿತ್ತು. ಅವಳು ನಕ್ಕಿದ್ದಕ್ಕೆ ಅವನು ಎರಡು ದಿನ ಮಾತು ಬಿಟ್ಟಿದ್ದ. ಈಗ ಗಂಡನೂ ಇಲ್ಲ. ನದಿಯಾಚೆಯ ಡೇರೆಯಲ್ಲಿ ಕೆಮ್ಮಿ ಕೆಮ್ಮಿ ಸತ್ತ. ಆ ಸೊಟ್ಟ ದಾಳಿಂಬೆಗೆ ಮಾಹ್‌ಬೇಗಿಮಳ ಹಸು ಮೈ ಉಜ್ಜುತ್ತಿತ್ತು.

ನಿರಾಶ್ರಿತರನ್ನು ಲಾರಿಯಲ್ಲಿ ತಿರುಗಿ ತಂದು ಬಿಟ್ಟಾಗ ಇವಳ ಮನೆಯಲ್ಲಿ ಉಳಿದಿದ್ದು ಗೋಡೆ ಮಾತ್ರ. ತೊಲೆ, ಕಿಟಕಿ, ಬಾಗಿಲು, ಒಲೆಯ ತಗಡು, ಎಲ್ಲ ಊರಲ್ಲೇ ಇದ್ದವು, ಬೇರೆ ಬೇರೆ ಮನೆಗಳಲ್ಲಿ. ಕೇಳಲು ಹೋದವರಿಗೆ ಏಟು ಬಿತ್ತು. ಅವಳು ಕೇಳಲಿಲ್ಲ. ಪೊದೆಯ ಕೋಲು ಹಾಸಿ ಸೂರು ಮಾಡಿಕೊಂಡು, ಬಾಗಿಲ ಜಾಗಕ್ಕೆ ಹತ್ತಿಯ ಗೋಣಿ ಇಳಿಬಿಟ್ಟಳು. ಗಾಳಿ ಬಂದಾಗ ಗೋಣಿ ಒಳಗೆ ಉಬ್ಬುತ್ತಿತ್ತು, ಯಾರೋ ತಳ್ಳಿಕೊಂಡು ಬಂದ ಹಾಗೆ. ಮೊದಮೊದಲು ಅವಳು ಎದ್ದು ನೋಡುತ್ತಿದ್ದಳು.

ಗೋಡೆಯಲ್ಲಿ ಒಂದು ಗೂಟ. ಅದು ಬರಿದಾಗಿತ್ತು. ಬಾಗಿಲಿಗಿಂತ ಹೆಚ್ಚಾಗಿ ಅವಳನ್ನು ಸುಡುತ್ತಿದ್ದುದು ಆ ಗೂಟ.

ಮನೆಯಿಂದ ದೂರ ಹೊರಟವನು ಹೊಸಿಲಲ್ಲಿ ನಿಂತು ಬಿಸಿ ರೊಟ್ಟಿಯ ಅಂಚು ಒಂದು ಸಲ ಕಚ್ಚಿ ಹೋಗಬೇಕು. ಉಳಿದದ್ದನ್ನು ತಾಯಿ ಬಟ್ಟೆಯಲ್ಲಿ ಕಟ್ಟಿ ಎತ್ತರದ ಗೂಟಕ್ಕೆ ತೂಗುಹಾಕುತ್ತಾಳೆ. ಹೋದವನ ಅನ್ನ ಮನೆಯಲ್ಲಿ ಬಾಕಿಯಿದೆ, ಅದು ಅವನನ್ನು ಎಳೆದು ತರುತ್ತದೆ. ಅವನು ಬಂದು ಉಳಿದದ್ದನ್ನು ತಾನೇ ಮುರಿದು ತಿನ್ನಬೇಕು. ಬೇರೆ ಯಾರೂ ಮುರಿಯುವಂತಿಲ್ಲ. ಸತ್ತ ಸುದ್ದಿ ಖಚಿತವಾಗಿ ಬಂದರೆ ಮಾತ್ರ ಅದನ್ನು ಮುರಿದು ಹಕ್ಕಿಗೆ ಹಾಕುತ್ತಾರೆ.

ದಿಲೋವರನನ್ನು ಕರೆಯಲು ಬಂದ ದಿನ ತಂದೂರು ಇನ್ನೂ ಕಾದಿತ್ತು. ಹುಡುಗನಿಗೆ ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ. "ತಡೀರಿ, ಒಂದು ತುತ್ತು ಕಚ್ಚಲಿ," ಎಂದು ಅವಳು ಓಡಿದ್ದಳು. ಜೀಪಿನಲ್ಲಿದ್ದವರು ನಕ್ಕಿದ್ದರು. "ಕಾಲುವಿ ತನ ಹೋಗಾಕ ಇಷ್ಟ ಪೂಜಿ ಏನಬೇ?" ಎಂದಿದ್ದ ಖೈರಿದ್ದೀನ್. ಮಗ ಕಚ್ಚಿದ. ಬಿಸಿಗೆ ನಾಲಗೆ ಸುಟ್ಟಿತೇನೋ, ಬಾಯಿ ತೆರೆದು ಹಾ ಹಾ ಎಂದು ಉಸಿರೂದುತ್ತಲೇ ಜೀಪು ಹತ್ತಿದ. ಅವಳ ಕಣ್ಣಲ್ಲಿ ಉಳಿದಿದ್ದ ಮಗನ ಮುಖ ಅದು. ಬಿಸಿರೊಟ್ಟಿ ಬಾಯಲ್ಲಿಟ್ಟುಕೊಂಡು ನಗುವೋ ಅಳುವೋ ತಿಳಿಯದ ಮುಖ.

ಮರುದಿನ ಬೀದಿಯ ತುದಿಯ ಗರ್ಮಿ ಮನೆಗಳಿಗೆ ಬೆಂಕಿ ಬಿತ್ತು. ಓಡುವಾಗ ರಜಾಯಿ ಹೊತ್ತಳು, ಕೆಟಲಿ ತಗೊಂಡಳು. ಕೆಟಲಿ ನೆನಪಾಯಿತು, ಗೂಟದ ಮೇಲಿನ ರೊಟ್ಟಿ ನೆನಪಾಗಲಿಲ್ಲ. ನದಿಯ ದಂಡೆಯಲ್ಲಿ, ಹಿಮದಲ್ಲಿ, ಜನರ ನೂಕುನುಗ್ಗಲಿನಲ್ಲಿ ಅದು ನೆನಪಾಗಿ ಅವಳು ತಿರುಗಿ ಓಡಲು ನೋಡಿದಾಗ ಗಂಡ ಜುಟ್ಟು ಹಿಡಿದು ದೋಣಿಗೆ ಎಳೆದುಕೊಂಡಿದ್ದ. ಆಮೇಲೆ ಯಾರಾದರೂ ನಿನ್ನ ಮಗ ಬಂದನೇ ಎಂದು ಕೇಳಿದರೆ ಅವಳಿಗೆ ಬಾಯಿ ಏಳುತ್ತಿರಲಿಲ್ಲ. ಎಳೆದು ತರುವುದನ್ನೇ ಬಿಟ್ಟು ಬಂದವಳು ಅವಳು.

ಗುರುವಾರ ಬೆಳಿಗ್ಗೆ ಬಾವಿಯ ಹತ್ತಿರ ಮುಲ್ಲಾ ಎದುರಾದ. ಅವಳು ಕೊಡ ಇಳಿಸಿ ಅಡ್ಡ ನಿಂತಳು.

"ಮುಲ್ಲಾ ಸಾಹೇಬ್ರ, ನಾಳಿ ಊಟಕ್ಕ ದುವಾ ಓದಾಕ ನೀವ ಬರ್ತೀರಂತ. ನನ್ನ ದಿಲೋವರಗೂ ಒಂದು ಓದ್ರಿ."

"ಎಷ್ಟು ಸಲ ಹೇಳಬೇಕವ್ವಾ? ಸತ್ತವರಿಗೆ ಓದಾಕ ಬರತೈತಿ. ನಿನ್ನ ಮಗ ಸತ್ತಾನ ಅನ್ನಾಕ ಹೆಣ ಐತೇನು? ಸಾಕ್ಷಿ ಐತೇನು?"

"ಹಂಗಾದ್ರ ಬದಕ್ಯಾನ. ಹುಡುಕಿಸ್ರಿ."

"ಈಗ ಶಾಂತಿ ಆಗೈತಿ. ಈಗ ಹೋಗಿ ಅಲ್ಲಿ ಅಗದ್ರು ಇಲ್ಲಿ ಅಗದ್ರು ಅಂದ್ರ ಫಿತೂರಿ ಆಗತೈತಿ. ತಾಳ್ಮಿ ತಗೋ. ತಾಳಿದವರನ್ನ ದೇವರು ಮೆಚ್ಚತಾನ."

"ಸತ್ತಾನ ಅಂದ್ರ ಹೆಣಾ ತೋರಸಂತೀರಿ. ತೋರಸ್ತೀನಿ ಅಂದ್ರ ಹುಡುಕಬ್ಯಾಡಂತೀರಿ. ನಿಮ್ಮ ಮಗ ಮಾಸ್ಕೋದಾಗ ವ್ಯಾಪಾರ ಮಾಡ್ತಾನಲ್ರಿ, ಅವ ಒಂದು ವಾರ ಫೋನ್ ಮಾಡದಿದ್ರ ತಾಳತೀರಿ?"

ಮುಲ್ಲಾ ಸುತ್ತ ನೋಡಿದ. ಯಾರೂ ಇಲ್ಲವೆಂದು ಗೊತ್ತಾದ ಮೇಲೆ, "ನಾಲಿಗಿ ಹಿಡಿ, ರಂಡೆ," ಎಂದು ಮೆಲ್ಲಗೆ, ದುವಾ ಓದುವ ದನಿಯಲ್ಲೇ ಹೇಳಿ ನಡೆದ.

ಆ ಸಂಜೆ, ಇನ್ನೂ ಬೆಳಕಿರುವಾಗಲೇ, ಗೋಣಿ ಸರಿದು ಒಳಗೆ ಉಬ್ಬಿತು. ಗಾಳಿಯೆಂದುಕೊಂಡು ಸನವ್ಬರ್ ತಲೆಯೆತ್ತಲಿಲ್ಲ. ಆಮೇಲೆ ರಬ್ಬರ್ ಬೂಟು ಕಂಡಿತು.

ಮಾಹ್‌ಬೇಗಿಮ್ ಹೊಸಿಲಾಚೆಯೇ ನಿಂತಿದ್ದಳು. ಕೈಯಲ್ಲಿ ಎರಡು ಬಟ್ಟೆಯ ಗಂಟು.

"ಒಳಗ ಬಾ ಅಂತೀಯಿಲ್ಲ?"

"ಬಾಗಲ ಇಲ್ಲದ ಮನಿಗೆ ಬಾ ಅನ್ನೂದು ಏನೈತಿ?"

ಆ ಮಾತು ಚೂರಿಯ ಹಾಗೆ ಹೋಗಿ ನಾಟಿತು.  ಮಾಹ್‌ಬೇಗಿಮ್ ಬೂಟು ಬಿಚ್ಚಿಟ್ಟು ಒಳಬಂದು ನೆಲಕ್ಕೆ ಕೂತಳು.

"ಬಾಗಲಾ ನನ್ನ ಗಂಡ ತಂದ. ಎಲ್ಲಾರೂ ತರಾಕ ಹತ್ತಿದ್ರು. ನಾ ಬ್ಯಾಡ ಅನ್ನಲಿಲ್ಲ. ನಿನ್ನ ಮುಂದ ಯಾಕ ಸುಳ್ಳು, ಒಳ್ಳೇ ಬಾಗಲಾ ಅನಸಿತ್ತು. ಈಗ ಅವ ರಷ್ಯಾದಾಗ ಇಟ್ಟಂಗಿ ಹೊರತಾನ, ಅಲ್ಲೇ ಯಾವಾಕಿನೋ ಇಟಗೊಂಡಾನ. ನನ್ನ ಪಾಲಿಗೆ ಉಳದಿದ್ದು ನಿನ್ನ ಬಾಗಲಾ."

ಸನವ್ಬರ್ ಇಳಿಬಿಟ್ಟ ಗೋಣಿಯ ಕಡೆ ನೋಡಿದಳು.

"ಅವರು ತೊಲಿ ಕೀಳಾಕ ಹತ್ತಿದಾಗ ನಾ ಒಳಗ ಬಂದ್ನಿ. ಗ್ವಾಡಿ ಗೂಟದಾಗ ಇದು ತೂಗತಿತ್ತು." ಅವಳು ಒಂದು ಗಂಟನ್ನು ಮುಂದೆ ಸರಿಸಿದಳು. "ತೊಲಿ ಬಿದ್ರ ಇದು ಕಾಲಾಗ ಬೀಳತೈತಿ ಅಂತ ತಗದೆ. ಯಾರೋ ಕಚ್ಚಿ ಹೋದ ರೊಟ್ಟಿ. ಗರ್ಮಿ ಆದ್ರೇನು ಕೂಲಾಬಿ ಆದ್ರೇನು, ತುಳಿಸಾಕ ಬರತೈತೇನು?"

ಸನವ್ಬರ್ ಗಂಟು ಬಿಚ್ಚಿದಳು. ಕಲ್ಲಿನಂತಾದ ರೊಟ್ಟಿ. ನಡುವೆ, ಹಸಿ ಹಿಟ್ಟಿಗೆ ಅವಳೇ ಒತ್ತುತ್ತಿದ್ದ ಮೊಳೆಯಚ್ಚಿನ ಹೂವು. ಅಂಚಿನಲ್ಲಿ ಹಲ್ಲಿನ ಗುರುತು, ಮೇಲಿನ ಸಾಲಿನಲ್ಲಿ ಒಂದು ಸಣ್ಣ ಸಂದು. ದಿಲೋವರ್ ಸಣ್ಣವನಿದ್ದಾಗ ಮಲ್ಬರಿ ಮರದಿಂದ ಬಿದ್ದು ಮುರಿದುಕೊಂಡ ಹಲ್ಲು. ಅವಳು ಆ ಸಂದಿನ ಮೇಲೆ ಬೆರಳಿಟ್ಟಳು. ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ಅವಳ ಬಾಯಿಂದ ಬಂದದ್ದು ಅಳುವಲ್ಲ, ಬಿಸಿ ತುತ್ತು ಬಾಯಲ್ಲಿಟ್ಟವರು ಉಸಿರೂದುವಂಥ ಸದ್ದು.

"ಇಷ್ಟು ವರ್ಷ ಯಾಕ ಕೊಡಲಿಲ್ಲ?" ಎಂದಳು ಕೊನೆಗೆ.

"ಹ್ಯಾಂಗ ಕೊಡಲಿ? ರೊಟ್ಟಿ ತಂದ್ರ ಬಾಗಲಾನೂ ತರಬೇಕಾಗ್ತಿತ್ತು. ಮೊನ್ನೆ ಹೊಲದಾಗ ನಿನ್ನ ಕೈ ನನ್ನ ಬೂಟಿನ ತನ ಬಂತು. ನಾ ಕಾಲು ಹಿಂದ ಸರಿಸಿದ್ನಿ. ಅವತ್ತಿನಿಂದ ಕಾಲು ಸರಿಸಿದ್ದ ಕಣ್ಣಾಗ ಬರಾಕ ಹತ್ತೈತಿ."

ಇನ್ನೊಂದು ಗಂಟು ಅವಳು ಬಿಚ್ಚಲಿಲ್ಲ. ಬಿಚ್ಚುವುದು ಬೇಕಿರಲಿಲ್ಲ. ಅವಳ ಮಗ ಫಿರೂಜನನ್ನು ಖೈರಿದ್ದೀನನ ಜನ ಸಂತೆಯಲ್ಲಿ ಹಿಡಿದು ಕೋವಿ ಕೊಟ್ಟು, ಹೊಸಿಲಲ್ಲಿ ರೊಟ್ಟಿ ಕಚ್ಚುವಷ್ಟು ಹೊತ್ತು ಮಾತ್ರ ಮನೆಗೆ ಬಿಟ್ಟು, ಬೆಟ್ಟಕ್ಕೆ ಕಳಿಸಿದ್ದರು. ಬೆಟ್ಟದಲ್ಲಿ ಯೋಕೂಬನ ಜನ ಅವನನ್ನು ಸೆರೆಹಿಡಿದಿದ್ದರು ಎಂಬಲ್ಲಿಗೆ ಸುದ್ದಿ ನಿಂತಿತ್ತು.

"ನಾಳಿ ಏನು ಮಾಡ್ತಿ?" ಕೇಳಿದಳು ಮಾಹ್‌ಬೇಗಿಮ್.

"ರೊಟ್ಟಿ ಮಾಡಂದಾರಲ್ಲ. ಮಾಡೂದು."

"ಕಟಿಗಿ?"

"ಇಲ್ಲ."

"ನನ್ನ ಹತ್ರ ಹಳೇವು ಒಂದೀಟು ಅದಾವ."

ಎರಡು ಮನೆಗಳ ನಡುವಿನ ಹಳೆಯ ತಂದೂರಿನ ಬಾಯಿ ಬಿರುಕು ಬಿಟ್ಟಿತ್ತು. ಶುಕ್ರವಾರ ಬೆಳಿಗ್ಗೆ ಇಬ್ಬರೂ ಮಣ್ಣು ಕಲಸಿ ಅದಕ್ಕೆ ಮೆತ್ತಿದರು. ಒಬ್ಬಳು ತಟ್ಟಿದಳು, ಇನ್ನೊಬ್ಬಳು ಮೊಳಕೈವರೆಗೆ ತೋಳಿಳಿಸಿ ಒಳಗೋಡೆಗೆ ಬಡಿದಳು. ಮಾತು ಕಡಿಮೆ. "ಉಪ್ಪು ಜಾಸ್ತಿ ಆತು." "ಮೊದಲೂ ನಿನಗ ಹಂಗ ಅನಸತಿತ್ತು." ಅಷ್ಟೇ. ಬುಟ್ಟಿ ತುಂಬಿತು. ಇನ್ನು ಏನು ಎಂದು ಇಬ್ಬರೂ ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ. ಗೂಟದಿಂದ ಬಂದ ಎರಡು ಗಂಟುಗಳನ್ನು ಸೆರಗಿನೊಳಗೆ ಕಟ್ಟಿಕೊಳ್ಳುವಾಗ ಒಬ್ಬಳನ್ನು ನೋಡಿ ಇನ್ನೊಬ್ಬಳು ಕಟ್ಟಿಕೊಂಡಳು.

ಹೊಲದ ನಡುವೆ ರತ್ನಗಂಬಳಿ ಹಾಸಿ, ಅದರ ಮೇಲೆ ಊಟದ ಬಟ್ಟೆ ಹಾಸಿತ್ತು. ಕಡಾಯಿಯಲ್ಲಿ ಕುರಿಮಾಂಸದ ಪುಲಾವ್ ಬೇಯುತ್ತಿತ್ತು. ಅದರ ವಾಸನೆ ಸಾಲುಗಳ ಮೇಲೆ ಹಾಯ್ದು ಹೋಗುತ್ತಿತ್ತು. ಹೆಂಗಸರಿಗೆ ರಜೆ ಇರಲಿಲ್ಲ. ಬಿಳಿ ಹತ್ತಿಯ ನಡುವೆ ಬಣ್ಣದ ತಲೆವಸ್ತ್ರಗಳು ಬಗ್ಗಿ ಏಳುತ್ತಿದ್ದರೆ ಟೀವಿಯಲ್ಲಿ ಚಂದ ಎಂದು ರಯೀಸನೇ ಅಪ್ಪಣೆ ಕೊಡಿಸಿದ್ದ.

ಸನವ್ಬರ್ ಮತ್ತು ಮಾಹ್‌ಬೇಗಿಮ್ ಬುಟ್ಟಿ ಹಿಡಿದು ಗಂಬಳಿಯ ಕಡೆ ಹೋಗಲಿಲ್ಲ. ಸಾಲುಗಳೊಳಕ್ಕೆ ನಡೆದರು. ಬಿಸಿ ರೊಟ್ಟಿಗಳನ್ನು ಹೆಂಗಸರ ಉಡಿಗೆ ಹಾಕುತ್ತ ಹೋದರು.

"ಅಯ್ಯ, ಇದು ದೊಡ್ಡವರಿಗೆ ಮಾಡಿದ್ದಲ್ಲಬೇ!"

"ತಿನ್ನು, ಆರತೈತಿ."

ಮೇಸ್ತ್ರಿ ಹಿಕ್ಮತ್ ದೂರದಿಂದ ಕೂಗಿದ. ಕ್ಯಾಮೆರಾದವನು ಅವನ ಭುಜ ಹಿಡಿದು ತಡೆದ. ತಾಯಂದಿರು ಕೂಲಿಯವರಿಗೆ ರೊಟ್ಟಿ ಹಂಚುವುದು ಅವನಿಗೆ ಬಹಳ ಹಿಡಿಸಿತ್ತು.

ಗಂಬಳಿಯ ಮೇಲೆ ಇಬ್ಬರು ಕಮಾಂಡರರು ಎದುರುಬದುರು ಕೂತಿದ್ದರು. ಯೋಕೂಬ್ ಗಡ್ಡ ಬೋಳಿಸಿ, ಸೂಟು ತೊಟ್ಟಿದ್ದ. ಕೊರಳಪಟ್ಟಿ ಅವನ ಕುತ್ತಿಗೆಗೆ ಬಿಗಿಯಾಗಿತ್ತು. ಮುಲ್ಲಾ ದುವಾ ಮುಗಿಸಿ ಮುಖ ಸವರಿಕೊಂಡ. "ಈಗ ತಾಯಂದಿರು," ಎಂದು ಯಾರೋ ಪಿಸುಗುಟ್ಟಿದರು.

ಇಬ್ಬರೂ ಮಂಡಿಯೂರಿದರು. ಸೆರಗು ಬಿಚ್ಚಿದರು. ಸನವ್ಬರ್ ಖೈರಿದ್ದೀನನ ಮುಂದೆ, ಮಾಹ್‌ಬೇಗಿಮ್ ಯೋಕೂಬನ ಮುಂದೆ, ಒಣಗಿದ ರೊಟ್ಟಿಗಳನ್ನು ಹೂವು ಮೇಲಾಗಿ ಇಟ್ಟರು. ಅಂಚಿನಲ್ಲಿ ಕಚ್ಚಿದ ಗುರುತು.

ಆ ಪದ್ಧತಿ ತಿಳಿಯದವರು ಯಾರೂ ಅಲ್ಲಿರಲಿಲ್ಲ. ಅದೇನೆಂದು ಎಲ್ಲರಿಗೂ ಗೊತ್ತಿತ್ತು. ಖೈರಿದ್ದೀನನ ತಾಯಿಯೂ ಯೋಕೂಬನ ತಾಯಿಯೂ ಯುದ್ಧಕ್ಕೆ ಹೋಗುವ ಮಗನಿಗೆ ಕಚ್ಚಿಸಿ ಇಟ್ಟಿದ್ದರು. ಅವರು ತಿರುಗಿ ಬಂದು ತಿಂದಿದ್ದರು.

"ಮುರಿ," ಎಂದಳು ಸನವ್ಬರ್.

ಖೈರಿದ್ದೀನನ ಮುಖದ ನಗು ಹಾಗೇ ಉಳಿಯಿತು, ಕಣ್ಣು ಮಾತ್ರ ಸರಿಯಿತು. "ಏನಿದು ಚಿಗವ್ವಾ? ತಾಜಾ ರೊಟ್ಟಿ ಎಲ್ಲಿ?"

"ಇದು ದಿಲೋವರಂದು. ಅದು ಫಿರೂಜಂದು. ಹುಡುಗರು ಬದಕಿದ್ರ ಇದನ್ನ ಮುರಿಯಾಕ ನಿನಗ ಹಕ್ಕಿಲ್ಲ. ಕರಕೊಂಡು ಬಾ, ತಾವ ಬಂದು ತಿಂತಾರ. ಸತ್ತಿದ್ರ ಎಲ್ಲಿ ಅಂತ ಹೇಳು, ಹೇಳಿ ಮುರಿ. ಹಕ್ಕಿಗೆ ಹಾಕ್ತೀವಿ. ಆಮ್ಯಾಲ ನಿನ್ನ ಶಾಂತಿ."

"ನೀನೂ ಮುರಿಯಪ್ಪಾ," ಎಂದಳು ಮಾಹ್‌ಬೇಗಿಮ್ ಯೋಕೂಬನಿಗೆ. "ಹುಲಿ ಅಂತಾರ ನಿನಗ. ಒಂದು ರೊಟ್ಟಿ ಮುರಿ."

ಕ್ಯಾಮೆರಾ ಓಡುತ್ತಿತ್ತು. ಯೋಕೂಬ್ ಕೈ ಚಾಚಿದ. ಬೆರಳು ರೊಟ್ಟಿಯ ಹತ್ತಿರ ಬಂದು, ಕಾದ ತಗಡು ಮುಟ್ಟಿದ ಹಾಗೆ ಹಿಂದೆ ಹೋಯಿತು. ಅವನು ಕೊರಳಪಟ್ಟಿ ಸಡಿಲ ಮಾಡಿಕೊಂಡ.

ಸನವ್ಬರ್ ಯೋಕೂಬನನ್ನು ನೋಡುತ್ತಿರಲಿಲ್ಲ. ಅವಳ ದೃಷ್ಟಿ ಖೈರಿದ್ದೀನನ ಕಣ್ಣಿನ ಮೇಲೆ ನೆಟ್ಟಿತ್ತು. ಇಷ್ಟು ವರ್ಷಗಳಲ್ಲಿ ಅವಳು ಅನುಮಾನಪಡದ ಜಾಗ ಉಳಿದಿರಲಿಲ್ಲ. ಇಟ್ಟಿಗೆ ಭಟ್ಟಿ, ನದಿಯ ಮಡು, ಹಳೆಯ ಹತ್ತಿ ಗಿರಣಿ, ಬಸಿಗಾಲುವೆ. ಎಲ್ಲಿ ಹೋದರೂ ಮಣ್ಣು ಒಂದೇ ಥರ ಇರುತ್ತಿತ್ತು. ರೊಟ್ಟಿಯ ಮೇಲಿನ ಹಲ್ಲಿನ ಗುರುತು ನೋಡಿದ ಖೈರಿದ್ದೀನನ ಕಣ್ಣು ಅಲ್ಲಿ ನಿಲ್ಲಲಾರದೆ ಎದ್ದಿತು. ಎದ್ದು, ಕಡಾಯಿ ದಾಟಿ, ಹೊಲ ದಾಟಿ, ಬಸಿಗಾಲುವೆಯ ತಿರುವಿನಲ್ಲಿ ನಿಂತ ಮಲ್ಬರಿ ಮರಗಳ ಬುಡಕ್ಕೆ ಹೋಯಿತು. ಕಣ್ಣು ಮಿಟುಕಿಸುವಷ್ಟು ಹೊತ್ತು. ತಕ್ಷಣ ತಿರುಗಿ ಬಂತು.

ಬಂದಾಗ ಅವಳ ಕಣ್ಣು ಅಲ್ಲೇ ಕಾದಿತ್ತು. ಅವನಿಗೆ ತಿಳಿಯಿತು.

"ಕ್ಯಾಮೆರಾ ಬಂದ್ ಮಾಡೋ ಬೋಸುಡಿಮಗನ!"

ಎಲ್ಲರೂ ಒಟ್ಟಿಗೆ ಎದ್ದರು. ಯಾರದೋ ಕಾಲಿಗೆ ಚಹಾದ ಬಟ್ಟಲು ಉರುಳಿತು. ಊಟ ರಯೀಸನ ಕಚೇರಿಗೆ ವರ್ಗವಾಯಿತು. ಕಡಾಯಿಯನ್ನು ಬಿಸಿಯಿದ್ದಾಗಲೇ ಎತ್ತಿ ಟ್ರ್ಯಾಕ್ಟರಿಗೆ ಹೇರಿದರು. ಜೀಪು ಹತ್ತುವಾಗ ಖೈರಿದ್ದೀನ್ ಯೋಕೂಬನ ಬೆನ್ನ ಮೇಲೆ ಕೈಯಿಟ್ಟು ಒಳಗೆ ಕೂರಿಸಿದ. ಯೋಕೂಬ್ ಸರಿದು ಅವನಿಗೆ ಜಾಗ ಮಾಡಿಕೊಟ್ಟ. ಅಣ್ಣತಮ್ಮಂದಿರ ಹಾಗೆ ಕಾಣುತ್ತಿದ್ದರು.

ಗಂಬಳಿಯನ್ನೂ ಎಳೆದುಕೊಂಡು ಹೋದರು. ನೆಲದ ಮೇಲೆ ಎರಡು ರೊಟ್ಟಿ ಉಳಿದವು. ಅವನ್ನು ತುಳಿಯದಂತೆ ಸುತ್ತುಹಾಕಿ ಹೋಗಿದ್ದರು, ಹಿಕ್ಮತ್ ಕೂಡ.

ಸನವ್ಬರ್ ತನ್ನ ರೊಟ್ಟಿ ಎತ್ತಿ ಹಣೆಗೊತ್ತಿಕೊಂಡಳು. ಸಾಲಿನ ತುದಿಯಲ್ಲಿ ನೀರು ತಿರುಗಿಸುವ ಗುದ್ದಲಿ ಬಿದ್ದಿತ್ತು. ಅದನ್ನು ಹೆಗಲಿಗೇರಿಸಿ ಬಸಿಗಾಲುವೆಯ ಕಡೆ ನಡೆದಳು. ಹತ್ತಿ ಬಿಡಿಸುವ ಹೆಂಗಸರು ನಿಂತು ನೋಡಿದರು. ಅವರ ಬಾಯಲ್ಲಿ ರೊಟ್ಟಿಯಿತ್ತು. ಯಾರೂ ಸಾಲು ಬಿಟ್ಟು ಬರಲಿಲ್ಲ. ಅವರ ಕಟ್ಟಿಗೆ ಇನ್ನೂ ಬರಬೇಕಿತ್ತು.

ಮಲ್ಬರಿ ಬುಡದಲ್ಲಿ ಮಣ್ಣು ಗಟ್ಟಿಯಾಗಿತ್ತು. ಮೊದಲ ಏಟಿಗೆ ಗುದ್ದಲಿ ನೆಗೆದು ಬಂತು. ಎರಡನೆಯದಕ್ಕೆ ಸ್ವಲ್ಪ ಕಚ್ಚಿತು. ಆಮೇಲೆ ತನ್ನ ಏಟಿನ ಬೆನ್ನಿಗೇ ಇನ್ನೊಂದು ಏಟು ಕೇಳಿಸಿ ಅವಳು ತಿರುಗಿದಳು. ಮಾಹ್‌ಬೇಗಿಮ್, ಎಲ್ಲಿಂದಲೋ ತಂದ ಮುರುಕು ಹಿಡಿಯ ಗುದ್ದಲಿ ಹಿಡಿದು.

"ನಿನ್ನ ಮಗ ಇಲ್ಲಿಲ್ಲ," ಎಂದಳು ಸನವ್ಬರ್. "ಅವ ಬೆಟ್ಟದಾಗ."

"ಗೊತ್ತೈತಿ. ಸರದು ನಿಂದ್ರು, ಕಾಲಿಗೆ ಬೀಳತೈತಿ."

ಎರಡು ರೊಟ್ಟಿಗಳನ್ನು ದಂಡೆಯ ಮೇಲೆ ತಲೆವಸ್ತ್ರ ಹಾಸಿ ಇಟ್ಟಿದ್ದರು. ಹೊತ್ತು ಇಳಿಯುತ್ತಿತ್ತು. ಹತ್ತಿಕಟ್ಟಿಗೆ ಹೇರಿದ ಟ್ರ್ಯಾಕ್ಟರು ಊರ ಕಡೆ ಹೋಯಿತು, ಇವರ ಬೀದಿಗೆ ತಿರುಗಲಿಲ್ಲ. ಸ್ವಲ್ಪ ಹೊತ್ತಿಗೆ ಜೀಪು ತಿರುಗಿ ಬಂತು. ಕೋವಿ ಹಿಡಿದ ಇಬ್ಬರು ಇಳಿದು ದಂಡೆಯ ಮೇಲೆ ನಿಂತರು. ಒಬ್ಬ ಖೈರಿದ್ದೀನನ ಆಳು, ಇನ್ನೊಬ್ಬ ಯೋಕೂಬನವನು. ಒಬ್ಬ ಸಿಗರೇಟು ಕೊಟ್ಟ, ಇನ್ನೊಬ್ಬ ಕಡ್ಡಿ ಗೀರಿದ. ಏನು ಮಾಡಬೇಕೆಂದು ಅಪ್ಪಣೆ ಇನ್ನೂ ಬಂದಿರಲಿಲ್ಲ.

ಹೆಂಗಸರು ತಲೆಯೆತ್ತಲಿಲ್ಲ. ಗುಂಡಿ ಮಂಡಿಯವರೆಗೆ ಬಂದಿತ್ತು. ಮಣ್ಣು ಈಗ ಮೆದುವಾಗತೊಡಗಿತ್ತು, ಹಿಂದೆ ಯಾರೋ ಒಮ್ಮೆ ಅಗೆದು ಮುಚ್ಚಿದ ಮಣ್ಣಿನ ಹಾಗೆ. ಸನವ್ಬರ್ ಗುದ್ದಲಿ ಬದಿಗಿಟ್ಟು ಕೂತಳು. ಅರೆಬಿರಿದ ಕಾಯಿಯಿಂದ ಹತ್ತಿ ಬಿಡಿಸುವವಳ ಹಾಗೆ ಉಗುರು ಹಾಕಿ, ಮೆಲ್ಲಗೆ, ಏನೂ ಹರಿಯದ ಹಾಗೆ, ಕೆದಕತೊಡಗಿದಳು.